ಬೆಳ್ಳಿಯ ಮೇಲಿನ ಬಿರುದು

ನಾಣ್ಯವನ್ನು ನಾವು ಎಣಿಸುತ್ತೇವೆ, ಓದುವುದು ಅಪರೂಪ. ಆದರೆ ಮುದ್ರಣಾಲಯಗಳಿಲ್ಲದ ಪ್ರಾಚೀನ ಕಾಲದಲ್ಲಿ ಅರಸನ ಮಾತು ಪ್ರಜೆಯ ಅಂಗೈಯನ್ನು ಮುಟ್ಟುತ್ತಿದ್ದುದು ನಾಣ್ಯದ ಮೂಲಕವೇ. ಆದ್ದರಿಂದ ಅದನ್ನೂ ಒಂದು ಕೃತಿಯಂತೆ ಓದಿ, ಅದರ ಮಾತು ಎಷ್ಟು ಸತ್ಯವೆಂದು ವಿಮರ್ಶಿಸುವುದು ಉಚಿತ. ರೋಮಿನ ಆಶ್ರಿತರಾಗಿದ್ದ ಇಬ್ಬರು ಅರಸರ ಬೆಳ್ಳಿ ನಾಣ್ಯಗಳನ್ನು ಹಾಗೆ ಓದಿ ನೋಡೋಣ.

ಆಶ್ರಿತ ರಾಜ್ಯವೆಂದರೆ ಸಿಂಹಾಸನ ಅರಸನದು, ಅದನ್ನೇರಲು ಒಪ್ಪಿಗೆ ಹೊರಗಿನವರದು. ಈ ಸ್ಥಿತಿ ಎಂಥದೆಂದು ನಂದಗಡದವರಿಗೆ ಹೇಳಿಕೊಡಬೇಕಾಗಿಲ್ಲ. ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ, 1824ರಲ್ಲಿ ಯುದ್ಧವಾಯಿತು, 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇದೇ ನಂದಗಡದಲ್ಲಿ.

ಮೊದಲನೆಯ ನಾಣ್ಯ ಇಂದಿನ ತುರ್ಕಿಯಲ್ಲಿದ್ದ ಕಪ್ಪದೋಕ್ಯದ್ದು. ಸುಮಾರು 4 ಗ್ರಾಂ ತೂಕದ ಈ ಬೆಳ್ಳಿಯ ಒಂದು ಮುಖದಲ್ಲಿ ಅರಸ ಅರಿಯೊಬಾರ್ಜಾನೆಸನ ಶಿರ. ಇನ್ನೊಂದರಲ್ಲಿ ವಿಜಯದೇವಿಯನ್ನು ಕೈಯಲ್ಲಿ ಹಿಡಿದ ಅಥೇನಾ. ಗ್ರೀಕ್ ಲಿಪಿಯಲ್ಲಿ ಅವನ ಬಿರುದು: ‘ರೋಮನ್ನರ ಪ್ರೇಮಿ’. ಕ್ರಿ.ಪೂ. ಮೊದಲ ಶತಮಾನದಲ್ಲಿ ಪೊಂತದ ದೊರೆ ಮಿತ್ರಿದಾತನು ಅವನನ್ನು ಮತ್ತೆ ಮತ್ತೆ ಓಡಿಸಿದ. ರೋಮ್ ಮತ್ತೆ ಮತ್ತೆ ತಂದು ಕೂರಿಸಿತು. ಬಿರುದು ದೀನವಾದುದು, ಆದರೆ ಸುಳ್ಳಲ್ಲ.

ಎರಡನೆಯದು ನಬತೇಯದ ನಾಲ್ಕನೆಯ ಅರೇತನದು (ಕ್ರಿ.ಪೂ. 9 – ಕ್ರಿ.ಶ. 40). ದಮಸ್ಕಸ್ಸಿನಲ್ಲಿ ಸಂತ ಪೌಲರನ್ನು ಹಿಡಿಯಲು ಕಾವಲಿಟ್ಟವನು ಇವನ ಅಧಿಕಾರಿಯೇ. ಪೌಲರು ಬುಟ್ಟಿಯಲ್ಲಿ ಕುಳಿತು ಗೋಡೆಯಿಂದಿಳಿದು ಪಾರಾದರು. ಅಗಸ್ಟಸ್ ಚಕ್ರವರ್ತಿಯ ಅಪ್ಪಣೆಗೆ ಕಾಯದೆ ಪಟ್ಟವೇರಿ ಅವನ ಕೋಪಕ್ಕೆ ಗುರಿಯಾದವನು ಈ ಅರೇತ. ನೆರೆಯ ಹೆರೋದರು ಕಂಚಿನ ನಾಣ್ಯಗಳಿಗೆ ತೃಪ್ತರಾದರೆ, ಇವನು ಬೆಳ್ಳಿಯನ್ನೂ ಟಂಕಿಸಿದ. ರಾಣಿಯ ಮುಖಕ್ಕೂ ಅದರಲ್ಲಿ ಸ್ಥಾನ ಕೊಟ್ಟ. ಇವನ ಪೂರ್ವಿಕ ಮೂರನೆಯ ಅರೇತನು ದಮಸ್ಕಸ್ಸಿನ ನಾಣ್ಯಗಳಲ್ಲಿ ತನ್ನನ್ನು ‘ಗ್ರೀಕರ ಪ್ರೇಮಿ’ ಎಂದು ಗ್ರೀಕಿನಲ್ಲೇ ಕರೆದುಕೊಂಡಿದ್ದ. ನಾಲ್ಕನೆಯವನು ಸ್ವಂತ ಲಿಪಿಯಲ್ಲಿ ಬರೆಸಿದ್ದು: ‘ತನ್ನ ಜನರನ್ನು ಪ್ರೀತಿಸುವವನು’.

ಬರಹವಾಗಿ ಇದು ನಿಸ್ಸಂದೇಹವಾಗಿ ಹಿರಿದು. ಯಾರ ಕೃಪೆಯಿಂದ ಆಳುತ್ತೇನೆ ಎಂಬುದನ್ನಲ್ಲ, ಯಾರಿಗಾಗಿ ಆಳುತ್ತೇನೆ ಎಂಬುದನ್ನು ಅದು ಹೇಳುತ್ತದೆ. ಆದರೆ ವಿಮರ್ಶೆ ಅಕ್ಷರದಲ್ಲೇ ನಿಲ್ಲಲಾಗದು; ಲೋಹವನ್ನೂ ಕೇಳಬೇಕು. ಅರೇತನ ಆಳ್ವಿಕೆಯಲ್ಲೇ ನಾಣ್ಯದ ಬೆಳ್ಳಿಯ ಪಾಲು ಕುಗ್ಗುತ್ತ ಬಂದಿತು. ಕಡೆಯ ಅರಸ ಎರಡನೆಯ ರಬ್ಬೇಲನ ಕಾಲಕ್ಕೆ ಅದು ಅರ್ಧಕ್ಕಿಂತ ಕಡಿಮೆಯಾಗಿತ್ತು. ಬೊಕ್ಕಸಕ್ಕೆ ತನ್ನ ಕಷ್ಟಗಳಿದ್ದಿರಬಹುದು. ಆದರೂ ಪ್ರೀತಿಯ ಮಾತನ್ನು ಹೊತ್ತ ನಾಣ್ಯವೇ, ಅದನ್ನು ಕೂಲಿಯಾಗಿ ಪಡೆದವನ ಕೈಯಲ್ಲಿ ಹಗುರಾಯಿತು.

ಕ್ರಿ.ಶ. 106ರಲ್ಲಿ ತ್ರಾಜನನು ನಬತೇಯವನ್ನು ಸಾಮ್ರಾಜ್ಯಕ್ಕೆ ಸೇರಿಸಿಕೊಂಡ. ಅಲ್ಲಿನ ಹಳೆಯ ಬೆಳ್ಳಿ ನಾಣ್ಯಗಳ ಮೇಲೆಯೇ ಅವನ ಮುಖ, ಒಂಟೆಯ ಚಿತ್ರ ಅಚ್ಚಾದವು. ನಮ್ಮ ದಖ್ಖನ್ನೂ ಇದನ್ನು ಬಲ್ಲದು: ನಹಪಾನನ ಬೆಳ್ಳಿಯ ಮೇಲೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯೊತ್ತಿದ. 1906ರಲ್ಲಿ ನಾಸಿಕದ ಬಳಿಯ ಜೋಗಲ್‌ತೆಂಭಿಯಲ್ಲಿ ದೊರೆತ 13 ಸಾವಿರಕ್ಕೂ ಹೆಚ್ಚು ನಾಣ್ಯಗಳಲ್ಲಿ 9 ಸಾವಿರಕ್ಕೂ ಹೆಚ್ಚಿನವು ಹೀಗೆ ಮರುಮುದ್ರಿತ.

ಮೊದಲನೆಯ ಅರಸ ತನ್ನ ಪರಾಧೀನತೆಯನ್ನು ಮರೆಮಾಚಲಿಲ್ಲ. ಎರಡನೆಯವನು ಅರಸನೊಬ್ಬ ಆಡಬೇಕಾದ ಮಾತನ್ನೇ ಆಡಿದ, ಆದರೆ ಅದಕ್ಕೆ ತಕ್ಕ ಬೆಳ್ಳಿಯನ್ನು ಕೊಡಲಿಲ್ಲ. ಊರ ಬಾಗಿಲಿನ ಫ್ಲೆಕ್ಸ್‌ಗಳಲ್ಲಿ ‘ಜನಾನುರಾಗಿ’, ‘ಬಡವರ ಬಂಧು’ ಎಂಬ ಬಿರುದುಗಳನ್ನು ದಿನವೂ ಓದುವ ನಾವು ಆ ನಾಣ್ಯದ ಎರಡು ಮುಖಗಳನ್ನಷ್ಟೇ ಅಲ್ಲ, ಅದರ ತೂಕವನ್ನೂ ನೋಡಲು ಕಲಿಯಬೇಕು.