ಪಹಣಿಯಲ್ಲಿ ಹೆಸರಿಲ್ಲದವರ ನೆಲ

ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒ ಕಟ್ಟಿದ ವೈಮಾನಿಕ ಪರೀಕ್ಷಾ ವಲಯವನ್ನು 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಉದ್ಘಾಟಿಸಿದರು. ಅದಕ್ಕೂ ಮೊದಲೇ, 2016ರ ನವೆಂಬರ್‌ನಲ್ಲಿ, ರುಸ್ತುಂ-2 ಡ್ರೋನ್ ಅಲ್ಲಿಂದ ಮೊದಲ ಸಲ ಹಾರಿತ್ತು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ರೆಕ್ಕೆ ವಾಹನ ಅದೇ ರನ್‌ವೇಗೆ ತಾನಾಗಿ ಬಂದಿಳಿಯಿತು. ದೇಶಕ್ಕೆ ಇಂಥದೊಂದು ಜಾಗ ಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆ ನೆಲ ಕೈಬದಲಾದ ಬಗೆ, ಅದಕ್ಕೆ ಎದುರಾಗಿ ನಿಲ್ಲಬೇಕಿದ್ದ ಗ್ರಾಮ ಪಂಚಾಯಿತಿಯ ನಿರ್ಣಯಕ್ಕೆ ನಾವು ಕೊಟ್ಟಿರುವ ಬೆಲೆ, ಇವೆರಡನ್ನೇ ಇಲ್ಲಿ ಪರಿಶೀಲಿಸುತ್ತಿದ್ದೇನೆ.

2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳಿಂದ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೊಗೆ 573 ಎಕರೆ ಹೋಯಿತು. ಇಷ್ಟು ನೆಲ ಹೋದರೂ ಒಬ್ಬ ರೈತನ ಮನೆಗೂ ಭೂಸ್ವಾಧೀನದ ನೋಟಿಸ್ ಹೋಗಬೇಕಾಗಿರಲಿಲ್ಲ. ಕಾವಲು ಸರ್ಕಾರದ್ದು. ಒಂದು ಇಲಾಖೆಯಿಂದ ಇನ್ನೊಂದು ಸಂಸ್ಥೆಗೆ ಹಸ್ತಾಂತರದ ಆದೇಶವಾದರೆ ಮುಗಿಯಿತು. ಪಹಣಿಯಲ್ಲಿ ಹೆಸರಿಲ್ಲದವರು ಆಕ್ಷೇಪಣೆ ಸಲ್ಲಿಸುವುದಾದರೂ ಹೇಗೆ?

ಆದರೆ ಆ ನೆಲವನ್ನು ನಂಬಿದವರಿದ್ದರು. ಖುದಾಪುರ, ದೊಡ್ಡ ಉಳ್ಳಾರ್ತಿಯ ಸುತ್ತಲಿನ ಹಳ್ಳಿಗಳ ಕುರುಬರು, ಗೊಲ್ಲರು, ಮ್ಯಾಸಬೇಡರು ತಲೆತಲಾಂತರದಿಂದ ಕುರಿ, ದನ, ದೇವರ ಎತ್ತುಗಳನ್ನು ಮೇಯಿಸಿದ್ದು ಅಲ್ಲೇ. ಮಳೆ ಕೈಕೊಡುವ ಆ ಸೀಮೆಯಲ್ಲಿ ಶೇಂಗಾ ಒಣಗಿದ ವರ್ಷವೂ ಮನೆ ನಡೆದದ್ದು ಕುರಿಯಿಂದ, ಕುರಿಯ ಉಣ್ಣೆಯ ಕಂಬಳಿಯಿಂದ. ಇನ್ನೊಂದು ಸಂಗತಿ: ಈ ಕಾವಲುಗಳು ಹುಟ್ಟಿದ್ದೂ ಸೈನ್ಯದ ಜೊತೆಗೇ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಅಲ್ಲಿ ಬೆಳೆದ ಎತ್ತುಗಳು ಮೈಸೂರಿನ ತೋಪುಗಳನ್ನು ಎಳೆದವು. ಆ ಕಾಲದ ಸೈನ್ಯಕ್ಕೆ ಹುಲ್ಲು ಬೇಕಿತ್ತು, ಹಾಗಾಗಿ ಹುಲ್ಲು ಉಳಿಯಿತು. ಈಗಿನ ಸೈನ್ಯಕ್ಕೆ ಬೇಕಿರುವುದು ಬಯಲು ಮಾತ್ರ.

ಗ್ರಾಮ ಪಂಚಾಯಿತಿಗಳನ್ನು ಕೇಳದೆ ನೆಲ ಕೊಟ್ಟರೆಂಬುದು ಹಳ್ಳಿಗರ ಮೊದಲ ದೂರು. ಅವರ ಹೋರಾಟಕ್ಕೆ ಜೊತೆಯಾದ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಪ್ರಕರಣವನ್ನು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಒಯ್ದಿತು. ಪೀಠ ಸತ್ಯಶೋಧನೆಗೆ ಸಮಿತಿಯನ್ನೂ ಕಳಿಸಿತು. 2014ರಲ್ಲಿ ಬಂದ ತೀರ್ಪು ಪರಿಸರ ಅನುಮತಿಯ ಷರತ್ತು ಹಾಕಿತೇ ಹೊರತು ಯೋಜನೆಗಳನ್ನು ಕೈಬಿಡಿಸಲಿಲ್ಲ. ಅಂಥ ಷರತ್ತುಗಳಿಂದ ಮೇವಿನ ನೆಲ ಮರಳಿ ಬರುವುದಿಲ್ಲ.

ಗ್ರಾಮಸಭೆಯ ಮಾತಿಗೆ ನಮ್ಮ ಕಾನೂನಿನಲ್ಲಿ ಇರುವ ತೂಕ ಎಷ್ಟು? ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದ 1983ರ ಪಂಚಾಯಿತಿ ಕಾಯ್ದೆಯಿಂದ ದೇಶಕ್ಕೇ ದಾರಿ ತೋರಿಸಿದೆವೆಂದು ಹೇಳಿಕೊಳ್ಳುವ ರಾಜ್ಯ ಇದು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಪಂಚಾಯಿತಿಯೊಡನೆ ಸಮಾಲೋಚನೆ ಕಡ್ಡಾಯ ಮಾಡಿತು. 2019ರ ಕರ್ನಾಟಕ ತಿದ್ದುಪಡಿ ರಕ್ಷಣಾ ಯೋಜನೆಗಳನ್ನು ಆ ಕಟ್ಟಳೆಯಿಂದ ಹೊರಗಿಡಲು ದಾರಿ ಮಾಡಿಕೊಟ್ಟಿತು. ಕೈಗಾರಿಕಾ ಪ್ರದೇಶಾಭಿವೃದ್ಧಿಯ 1966ರ ಕಾಯ್ದೆಯಡಿ ಆಕ್ಷೇಪಣೆ ಹೇಳಿಕೊಳ್ಳಲು ಅವಕಾಶವಿರುವುದು ಜಮೀನಿನ ಹಕ್ಕುದಾರರಿಗೆ, ಊರಿಗಲ್ಲ. ಕಾವಲಿನ ಹಸ್ತಾಂತರದಲ್ಲಂತೂ ಹಕ್ಕುದಾರನೂ ಇಲ್ಲ, ಊರೂ ಇಲ್ಲ. ಒಬ್ಬೊಬ್ಬರ ಹೆಸರಿಗೆ ಸೇರದ ನೆಲದ ಪರವಾಗಿ ಮಾತಾಡಬಲ್ಲ ಏಕೈಕ ಚುನಾಯಿತ ಸಂಸ್ಥೆ ಪಂಚಾಯಿತಿ. ಅದರ ಮಾತು ಅತಿ ಅಗತ್ಯವಾದ ಕಡೆಯಲ್ಲೇ ಕಾನೂನು ಅದನ್ನು ಕೇಳುವುದಿಲ್ಲ.

ರಕ್ಷಣೆಯ ವಿಷಯ, ಗುಟ್ಟಾಗಿರಬೇಕು ಎಂಬ ಸಮರ್ಥನೆಯನ್ನು ನಾನು ಒಪ್ಪುವುದಿಲ್ಲ. ಡ್ರೋನಿನ ಯಂತ್ರ ಗುಟ್ಟಾಗಿರಲಿ. ಯಾವ ಹಳ್ಳದ ನೀರು ಯಾವ ಹಟ್ಟಿಯ ಕುರಿಗೆ ಎಂಬುದರಲ್ಲಿ ಏನು ಗುಟ್ಟು? 2019ರ ಸೆಪ್ಟೆಂಬರ್‌ನಲ್ಲಿ ರುಸ್ತುಂ-2 ಜೋಡಿಚಿಕ್ಕೇನಹಳ್ಳಿಯ ಅಡಿಕೆ ತೋಟದಲ್ಲಿ ಬಿತ್ತು. 2023ರ ಆಗಸ್ಟ್‌ನಲ್ಲಿ ತಪಸ್ ಎಂದು ಹೆಸರು ಬದಲಾದ ಅದೇ ಬಗೆಯ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಬಿದ್ದ ಯಂತ್ರವನ್ನು ಊರಿಗೆ ಊರೇ ನೋಡಿತು. ಹಾರುವ ಮುಂಚೆ ಆ ಊರುಗಳ ಜೊತೆ ಕೂತು ಮಾತಾಡುವುದರಿಂದ ದೇಶದ ಭದ್ರತೆಗೆ ಧಕ್ಕೆಯಾಗುತ್ತಿತ್ತೆಂದು ನಂಬುವುದು ಕಷ್ಟ.

ಪಂಚಾಯಿತಿಗಳ ಕಡೆಯ ಕೊರತೆಯನ್ನೂ ಹೇಳಬೇಕು. ವಿರೋಧದ ನಿರ್ಣಯವೆಂದರೆ ಬಹಳ ಕಡೆ ನಡಾವಳಿ ಪುಸ್ತಕದ ಒಂದು ಸಾಲು: ಸರ್ವಾನುಮತದಿಂದ ವಿರೋಧಿಸಲಾಯಿತು. ಆ ಸಾಲು ಕೋಪವನ್ನು ತಿಳಿಸುತ್ತದೆ, ನೆಲವನ್ನು ತಿಳಿಸುವುದಿಲ್ಲ. ಜಾನುವಾರು ಗಣತಿಯ ಲೆಕ್ಕ ಪಶುವೈದ್ಯ ಇಲಾಖೆಯಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಕುರಿ ಎಷ್ಟು, ಯಾವ ತಿಂಗಳು ಎಲ್ಲಿ ಮೇಯುತ್ತವೆ, ಕೃಷ್ಣಮೃಗ ಎಲ್ಲಿ ಓಡಾಡುತ್ತದೆ, ಉಣ್ಣೆಯಿಂದ ಎಷ್ಟು ಮನೆ ನಡೆಯುತ್ತವೆ ಎಂಬುದು ಕಾವಲಿನ ಸುತ್ತ ಗೋಡೆ ಏಳುವ ಮುಂಚೆಯೇ ಮುದ್ರೆ ಬಿದ್ದ ಕಾಗದದಲ್ಲಿದ್ದರೆ, ಕಚೇರಿಯಲ್ಲಿ ಕೂತವರಿಗೆ ಕಾವಲನ್ನು ‘ಬಂಜರು’ ಎನ್ನುವುದು ಸುಲಭವಾಗುವುದಿಲ್ಲ. ಗ್ರಾಮಸಭೆಯ ಮಾತು ನಡೆದದ್ದೂ ಇದೆ: ಒಡಿಶಾದ ನಿಯಮಗಿರಿಯ ಗಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಗ್ರಾಮಸಭೆಗಳನ್ನೇ ಕೇಳಿ ಎಂದಿತು. ಹನ್ನೆರಡಕ್ಕೆ ಹನ್ನೆರಡೂ ಸಭೆಗಳು ಗಣಿ ಬೇಡವೆಂದವು, ಗಣಿ ಬರಲಿಲ್ಲ. ಅಲ್ಲಿ ಅರಣ್ಯ ಹಕ್ಕು ಕಾಯ್ದೆಯ ಬಲವಿತ್ತು.

ನಾನಿರುವ ಬೆಂಗಳೂರಿನ ಗೋವಿಂದರಾಜನಗರದಿಂದ ಇದನ್ನು ಬರೆಯುವಾಗ ಹಳ್ಳಿಯವರಿಗೆ ಬುದ್ಧಿ ಹೇಳುವ ಅಧಿಕಾರ ನನಗಿದೆ ಎಂದುಕೊಂಡಿಲ್ಲ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು ಐದು ವರ್ಷ ಕಳೆದರೂ ನಮ್ಮ ವಾರ್ಡುಗಳು ಸದಸ್ಯರನ್ನು ಆರಿಸಲಿಲ್ಲ. ನಮ್ಮ ಬೀದಿಯ ಬಗ್ಗೆ ನಿರ್ಣಯ ಮಾಡಲು ನಮಗೊಂದು ಸಭೆಯೇ ಇರಲಿಲ್ಲ. ದೊಡ್ಡ ಉಳ್ಳಾರ್ತಿಯವರಿಗೆ ಸಭೆಯಾದರೂ ಇತ್ತು.

ಚಳ್ಳಕೆರೆಗಿಂತ ಬೆಂಗಳೂರಿನ ಹತ್ತಿರದ ದೇವನಹಳ್ಳಿಯ ಭೂಹೋರಾಟದ ಫಲಿತಾಂಶ ಬೇರೆಯಾಯಿತು. ರಕ್ಷಣಾ ಮತ್ತು ವೈಮಾನಿಕ ಪಾರ್ಕಿಗೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ನೋಟಿಸ್ ಬಂದಿತ್ತು. 2022ರ ಏಪ್ರಿಲ್ 4ರಿಂದ ಧರಣಿ ಕೂತ ರೈತರು ಮೂರು ವರ್ಷ ಮೇಲೇಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟೆವೆಂದರು. ಆ ಗೆಲುವು ನನಗೆ ನಿಜವಾದ ಸಂತೋಷ ಕೊಟ್ಟಿದೆ. ಆದರೆ ಅಲ್ಲಿ ಗೆದ್ದದ್ದು ಪಹಣಿ ಇದ್ದವರ ಒಗ್ಗಟ್ಟು, ಅವರ ಪಟ್ಟು. ಅದೇ ದಿನ ಸರ್ಕಾರ ಇನ್ನೊಂದು ಮಾತನ್ನೂ ಸೇರಿಸಿತು: ಸ್ವಇಚ್ಛೆಯಿಂದ ಕೊಡುವವರು ಕೊಡಬಹುದು, ಹೆಚ್ಚಿನ ಪರಿಹಾರ ಸಿಗುತ್ತದೆ. ಮತ್ತೆ ಒಬ್ಬೊಬ್ಬ ಮಾಲೀಕನೊಡನೆ ಬೇರೆ ಬೇರೆ ಮಾತು. ಹದಿಮೂರು ಊರುಗಳ ಗ್ರಾಮಸಭೆಗಳ ಒಪ್ಪಿಗೆ ಬೇಕೆಂಬ ಷರತ್ತು ಆ ಘೋಷಣೆಯಲ್ಲಿ ಇರಲಿಲ್ಲ.