ನೀರು ಶುದ್ಧವಾದರೆ ಸಾಕೆ?

ಮೀನು, ವನ್ಯಜೀವಿಗಳಿಗೆ ತಕ್ಕ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಡಿ' ವರ್ಗ ಮೂರೇ ಅಳತೆಗಳನ್ನು ಕೇಳುತ್ತದೆ: ಪಿಎಚ್ 6.5ರಿಂದ 8.5, ಲೀಟರಿಗೆ ವಿಲೀನ ಆಕ್ಸಿಜನ್ ಕನಿಷ್ಠ 4 ಮಿಲಿಗ್ರಾಂ, ಮುಕ್ತ ಅಮೋನಿಯಾ ಗರಿಷ್ಠ 1.2 ಮಿಲಿಗ್ರಾಂ. ಇವು ಅಗತ್ಯ, ಆದರೆ ಸಾಲವು. ಹರಿವಿನ ವೇಗ, ಆಳ, ತಳ, ನೆರಳು ಇವುಗಳ ಮಾತೇ ಇಲ್ಲಿಲ್ಲ.

ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಳಿ ನಿಂತು ಯೋಚಿಸಿ. ನಗರದ ಕಾಂಕ್ರೀಟ್ ರಾಜಕಾಲುವೆಯಲ್ಲಿ ನಾಳೆ ಶುದ್ಧ ನೀರೇ ಹರಿದರೂ, ಮಳೆಯ ರಭಸಕ್ಕೆ ಮೀನು ಅಡಗಲು ಕಲ್ಲಿನ ಸಂದಿಯಿಲ್ಲ. ಬೇಸಿಗೆ ಕಳೆಯಲು ಮಡುವಿಲ್ಲ. ನೆರಳಿಲ್ಲದೆ ನೀರು 20ರಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ, ಅದು ಹಿಡಿದಿಡಬಲ್ಲ ಆಕ್ಸಿಜನ್ ಸುಮಾರು ಆರನೇ ಒಂದು ಭಾಗ ಕುಗ್ಗುತ್ತದೆ.

ಸೀಸೆಯಲ್ಲಿ ತುಂಬಿ ತಂದ ನೀರು ಹೊಳೆಯಲ್ಲ. ಪರೀಕ್ಷಾ ವರದಿಯಲ್ಲಿ ತಳ, ಹರಿವು, ನೆರಳುಗಳಿಗೂ ಸ್ಥಾನ ಬೇಕು.