ಹಳೆಯ ಕಾಗದಕ್ಕೆ ಹಳೆಯ ವಿಳಾಸ

 

ಹತ್ತು ವರ್ಷಕ್ಕಿಂತ ಹಳೆಯ ಪ್ರಬಂಧ ಓದುವುದು ದಂಡ ಎನ್ನುವ ಪಂಥವೊಂದು ನಮ್ಮ ಪಳೆಯುಳಿಕೆ ಹವ್ಯಾಸಿಗಳಲ್ಲಿ ಹುಟ್ಟಿಕೊಂಡಿದೆ. ಬೇರೆ ಶಾಸ್ತ್ರಗಳಲ್ಲಿ ಆ ಮಾತು ನಡೆದೀತು. ಅರಿಯಲೂರಿನ ಸುಣ್ಣಕಲ್ಲು ಗಣಿಯಲ್ಲಿ ಸಿಕ್ಕ ಅಮೋನೈಟ್ ಚಿಪ್ಪಿಗೆ ಹೆಸರು ಹುಡುಕುವವರಿಗೆ ನಡೆಯದು. ಮೊದಲು ಇಟ್ಟ ಹೆಸರಿಗೇ ಮಾನ್ಯತೆ ಎಂಬುದು ಇಲ್ಲಿನ ಕಾನೂನು. ಕೇ ಮತ್ತು ಕನ್ಲಿಫ್ ದಕ್ಷಿಣ ಭಾರತದಲ್ಲಿ ಕೂಡಿಹಾಕಿದ ಚಿಪ್ಪುಗಳ ಬಗ್ಗೆ ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಬರೆದದ್ದನ್ನು ಇವತ್ತಿಗೂ ದಾಟಿಹೋಗುವಂತಿಲ್ಲ.

ಸ್ಟೊಲಿಚ್ಕಾನನ್ನಂತೂ ಕೇಳಲೇಬೇಡಿ. 1862ರ ಕೊನೆಗೆ ಭಾರತಕ್ಕೆ ಬಂದ ಈ ಪಳೆಯುಳಿಕೆ ವಿಜ್ಞಾನಿ 1873ರ ಹೊತ್ತಿಗೆ ದಕ್ಷಿಣ ಭಾರತದ ಕ್ರಿಟೇಷಿಯಸ್ ಕಾಲದ ಜೀವಿಗಳ ಮೇಲಿನ ಸಂಪುಟಗಳನ್ನು ಮುಗಿಸಿ, ಮರುವರ್ಷ ಲಡಾಖಿನಲ್ಲಿ 36ರ ವಯಸ್ಸಿಗೇ ತೀರಿಕೊಂಡ. ಆ ಸಂಪುಟಗಳ ಶಿಲಾಮುದ್ರಣದ ಚಿತ್ರಗಳನ್ನು ನೋಡಿ: ಚಿಪ್ಪಿನ ಪಕ್ಕ, ಬಾಯಿ, ಒಳಗೋಡೆಯ ಅಂಕುಡೊಂಕು ಗೆರೆ, ಎಲ್ಲವೂ ಉಂಟು. ಇಂದಿನ ಎಷ್ಟೋ ಮಸುಕು ಫೋಟೋಗಳು ಅವುಗಳ ಮುಂದೆ ನಿಲ್ಲಲಾರವು. ಈ ಸಂಪುಟಗಳು ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಸಿಗುತ್ತವೆ.

ಸಿಗುವುದಿಲ್ಲ ಎಂದು ದೂರುವವರು ಇಂದಿನ ಊರ ಹೆಸರು ಕೊಟ್ಟು ಹುಡುಕುತ್ತಾರೆ. ತಿರುಚ್ಚಿಯನ್ನು ಟ್ರಿಚಿನಾಪೊಲಿ ಎಂದೇ ಕೇಳಬೇಕು. ಶ್ರೀಪೆರಂಬದೂರಿನ ಗೊಂಡ್ವಾನಾ ಪದರಗಳ ಗಿಡಗಳ ಬಗ್ಗೆ ಫೈಸ್ಟ್‌ಮಾಂಟೆಲ್ 1879ರಲ್ಲಿ ಬರೆದದ್ದು ಬೇಕಿದ್ದರೆ ಶ್ರೀಪೆರ್ಮತೂರ್ ಎನ್ನಬೇಕು. ಇಳಿಸಿಕೊಂಡ ಮೇಲೆ ಕೊನೆಯ ಹಾಳೆಗಳನ್ನು ನೋಡಿ. ಕೆಲವು ಪ್ರತಿಗಳಲ್ಲಿ ಮಡಿಸಿದ ನಕ್ಷೆಯನ್ನು ಬಿಚ್ಚದೆಯೇ ಸ್ಕ್ಯಾನ್ ಮಾಡಿರುತ್ತಾರೆ. ಆಗ ಇನ್ನೊಂದು ಗ್ರಂಥಾಲಯದ ಪ್ರತಿ ಹುಡುಕುವುದೇ ದಾರಿ. ಭಾಷೆಯ ತೊಡಕೂ ಉಂಟು: ಸ್ಟೊಲಿಚ್ಕಾನ ಅಮೋನೈಟುಗಳನ್ನು ಮತ್ತೆ ಒರೆಗೆ ಹಚ್ಚಿದ ಕೋಸ್ಮಾಟ್ ಬರೆದದ್ದು ಜರ್ಮನ್‌ನಲ್ಲಿ. ಫೋನಿನ ಅನುವಾದ ಅರ್ಥಕ್ಕೆ ಸಾಕು, ಉದ್ಧರಣೆಗೆ ಸಾಲದು.

ಎಐ ಬಾಟ್‌ಗಳನ್ನು ಕೇಳಿ ಪ್ರಬಂಧಗಳ ಪಟ್ಟಿ ಮಾಡಿಕೊಳ್ಳುವವರಿಗೆ ಒಂದೇ ಮಾತು: ಇಲ್ಲದ ಪ್ರಬಂಧಕ್ಕೂ ಅವು ಸಂಪುಟ, ಪುಟಸಂಖ್ಯೆ ಸಮೇತ ಜಾತಕ ಬರೆದುಕೊಡುತ್ತವೆ.

ಕಾಗದಕ್ಕೆ ಇಷ್ಟೇಕೆ ಒದ್ದಾಟ ಎನ್ನುವಿರಾ? ಅರಿಯಲೂರು ಭಾಗದ ಕಲ್ಲಮೇಡಿನ ಬೃಹತ್ಕಾಯೋಸಾರಸ್ ಎಂಬ ಡೈನೋಸಾರ್ ಇದೆಯಲ್ಲ, 1980ರ ದಶಕದಲ್ಲಿ ಯಾದಗಿರಿ ಮತ್ತು ಅಯ್ಯಸಾಮಿ ಅದನ್ನು ಮಾಂಸಾಹಾರಿ ಎಂದು ವರ್ಣಿಸಿದರು. ಆಮೇಲೆ ಅದು ಉದ್ದ ಕತ್ತಿನ ಸಸ್ಯಾಹಾರಿಗಳ ಸಾಲಿಗೆ ಬಂತು. ಮೂಳೆಗಳು ಪುಡಿಯಾಗಿ ಹೋಗಿವೆ. ವಾದ ಮಾಡಲು ಉಳಿದಿರುವುದು ಬರಹ ಮತ್ತು ಚಿತ್ರಗಳು ಮಾತ್ರ.

ಇನ್ನು ಹೊಸ ಪ್ರಬಂಧಗಳಿಗಾಗಿ ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಅದು ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿ, ಅಧ್ಯಾಪಕ, ಸಂಶೋಧಕರಿಗೆ. ಮನೆಯಲ್ಲಿ ಕೂತ ನಮಗಲ್ಲ. ನಾವು ಪ್ರಬಂಧದ ಪ್ರತಿ ಕೇಳಿ ಲೇಖಕರಿಗೇ ನಾಲ್ಕು ಸಾಲಿನ ಇಮೇಲ್ ಹಾಕೋಣ. ನಿಮ್ಮ ಮಾದರಿ ಸಿಕ್ಕ ಜಾಗ, ಪದರ ಎರಡನ್ನೂ ಅದರಲ್ಲಿ ತಪ್ಪದೆ ಬರೆಯಿರಿ.